ಮುಖಕ್ಕೂ ನಡೀತೈತೆ

ನನ್ನ ಬಾಯಿ ಸುಮ್ಮನಿರುವುದಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಚನ್ನಗಿರಿ ಬಸ್ ಸ್ಟ್ಯಾಂಡಿನ ಸುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿನೇಳು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಮತ್ತೆ ನಾನು, ರುದ್ರಾಣಿ. ಹುಬ್ಬು ತಿದ್ದಿಸಿಕೊಳ್ಳಲು ಬಂದವಳು ಎರಡು ಸಲ ಅಲುಗಾಡಿದರೆ ಮೂರನೇ ಸಲ ಬೈಸಿಕೊಳ್ಳುತ್ತಾಳೆ. ಆದರೂ ಬರುತ್ತಾರೆ, ಯಾಕೆಂದರೆ ನನ್ನ ಕೈ ಚೆನ್ನಾಗಿದೆ. ಆ ಕೈ ಗಳಿಸಿದ ಹೆಸರನ್ನು ಈ ಬಾಯಿ ಹೇಗೆ ಕಳೆಯಿತು ಎಂಬುದನ್ನು ಹೇಳುತ್ತೇನೆ.

ಎರಡು ವರ್ಷದಿಂದ ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತಿದ್ದೆ. ತಲೆಗೆ ಎಣ್ಣೆ ಹೇಗೆ ಹಚ್ಚಬೇಕು, ಹಿಮ್ಮಡಿ ಒಡೆದರೆ ಏನು ಮಾಡಬೇಕು, ಇಂಥವು. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೆಂಗಸರೆಲ್ಲ ನೋಡುತ್ತಿದ್ದರು. ಬಸ್ಸಿನಲ್ಲಿ ಗುರುತು ಹಿಡಿದು ಜಾಗ ಬಿಟ್ಟುಕೊಟ್ಟವರೂ ಇದ್ದಾರೆ. ಅದರಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈ ಸಲ ಅಡಿಕೆ ಸುಲಿಯುವ ಕಾಲ ಶುರುವಾದಾಗ, ಕೈಗೆ ಹತ್ತಿದ ಅಡಿಕೆ ಕರೆ ತೆಗೆಯುವುದು ಹೇಗೆ ಎಂದು ಒಂದು ವಿಡಿಯೋ ಹಾಕಿದೆ. ಹುಣಸೆಹಣ್ಣು, ಕಲ್ಲುಪ್ಪು, ಅಡಿಕೆ ಬೇಯಿಸಿದ ಒಲೆಯ ಬೂದಿ, ಮೂರನ್ನೂ ಕಲಸಿ ತೆಂಗಿನ ನಾರಿನಲ್ಲಿ ಉಜ್ಜುವುದು. ನಮ್ಮ ಕಡೆ ಅಡಿಕೆ ಮನೆಯ ಹೆಂಗಸರು ಕೈಗೆ ಮಾಡಿಕೊಳ್ಳುವುದೇ ಇದು, ಹೊಸದೇನಲ್ಲ. ಮುಗಿಸುವಾಗ ಕೈಯನ್ನು ಕ್ಯಾಮೆರಾ ಹತ್ತಿರ ಹಿಡಿದು, ನಗುತ್ತ ಒಂದು ಮಾತು ಸೇರಿಸಿದೆ. “ಕೈಗಷ್ಟೇ ಅಲ್ಲ ಕಣ್ರೀ, ಮುಖಕ್ಕೂ ನಡೀತೈತೆ.”

ನಡೆಯುವುದಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ದಾವಣಗೆರೆಯಲ್ಲಿ ಕೋರ್ಸ್ ಮಾಡುವಾಗ ಮೊದಲನೇ ವಾರವೇ ಹೇಳಿಕೊಟ್ಟಿದ್ದರು, ಅಂಗೈಯ ಚರ್ಮ ಬೇರೆ, ಮುಖದ ಚರ್ಮ ಬೇರೆ ಎಂದು. ಆದರೆ ಕೊನೆಗೊಂದು ಗತ್ತಿನ ಮಾತು ಬೇಕಿತ್ತು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಆ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದರು.

ಮೂರು ವಾರ ಕಳೆದ ಮೇಲೆ ಒಂದು ಬುಧವಾರ ಬೆಳಿಗ್ಗೆ, ನಾನಿನ್ನೂ ಕಸ ಗುಡಿಸುತ್ತಿದ್ದೆ, ಸಂಧ್ಯಾರಾಣಿ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಸಂಧ್ಯಾ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ನಲ್ಲೂರಿನ ಮಲ್ಲಿಕಾರ್ಜುನಪ್ಪನವರಿಗೆ ಕೊಟ್ಟಿದ್ದಾರೆ, ಅಡಿಕೆ ಬೆಳೆಯುವ ಮನೆ. ಅವಳ ಮಗಳು ರೂಪಶ್ರೀ ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ. ಆ ಹುಡುಗಿಗೆ ಮೊದಲ ಸಲ ಮೊಗ್ಗಿನ ಜಡೆ ಹೆಣೆದವಳು ನಾನು. ಅವಳ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಹುಡುಗ ಸವಳಂಗದ ವಿನಯ್ ಕುಮಾರ್. ಎಂಟು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು, ಹುಡುಗಿ ಪೂರ್ತಿ ಮನಸ್ಸು ಕೊಟ್ಟುಬಿಟ್ಟಿದ್ದಳು.

ರೂಪಶ್ರೀ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು. ಬಿಸಿಲಿಗೆ ಇರಬೇಕು ಅಂದುಕೊಂಡೆ.

“ಏನೇ ಮದುಮಗಳೇ, ಈಗ್ಲೇ ನಾಚ್ಕೆನಾ?” ಎಂದು ರೇಗಿಸಿದೆ.

ಅವಳು ನಗಲಿಲ್ಲ. ದುಪಟ್ಟಾ ಬಿಚ್ಚಿದಳು.

ಎಡಗೆನ್ನೆಯಲ್ಲಿ ಕಣ್ಣಿನ ಕೆಳಗಿಂದ ದವಡೆಯವರೆಗೆ ಅಲ್ಲಲ್ಲಿ ಕಪ್ಪು ಕರೆ. ಕರೆಯ ನಡುನಡುವೆ ಸಿಪ್ಪೆ ಎದ್ದು ಬಿಳಿಚಿಕೊಂಡ ಚರ್ಮ. ದವಡೆಯ ಹತ್ತಿರ ನೀರು ಒಸರುತ್ತಿತ್ತು. ಹಣೆಯೂ ತರಚಿದ ಹಾಗೆ ಕೆಂಪಾಗಿತ್ತು, ಅಲ್ಲಿ ವಿಭೂತಿ ಇರಲಿಲ್ಲ. ಆ ಮನೆಯಲ್ಲಿ ಲಿಂಗಪೂಜೆ ಮಾಡಿ ವಿಭೂತಿ ಹಚ್ಚದೆ ಯಾರೂ ತಿಂಡಿಗೆ ಕೂರುವುದಿಲ್ಲ. ವಿಭೂತಿ ಹಚ್ಚಿಕೊಳ್ಳಲೂ ಆಗದಷ್ಟು ಉರಿ ಇದೆ ಎಂದು ನನಗೆ ಆಗಲೇ ತಿಳಿಯಿತು.

“ಚೊಗರಿನ ಕೊಪ್ಪರಿಗೆ ಎತ್ತಿಡಾಕೆ ಹೋಗಿ ಮೈಮೇಲೆ ಚೆಲ್ಕಂಡಳು ಕಣೆ,” ಎಂದಳು ಸಂಧ್ಯಾ. ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರಿಗೆ ನಮ್ಮ ಕಡೆ ಚೊಗರು ಎನ್ನುತ್ತಾರೆ. ಮೈಗೆ ತಾಗಿದರೆ ಕಪ್ಪಾಗಿ ಕೂತು ಹದಿನೈದು ದಿನ ಬಿಡುವುದಿಲ್ಲ. “ಆರಿತ್ತು, ಪುಣ್ಯ, ಸುಡಲಿಲ್ಲ. ಕರೆ ಹೋಗ್ಲಿ ಅಂತ ಏನೋ ಹಾಕಿ ಉಜ್ಜಿಕೊಂಡಾಳೆ. ಏನು ಹಾಕಿದೆ ಅಂದ್ರೆ ಬಾಯೇ ಬಿಡ್ತಿಲ್ಲ. ನಾಡಿದ್ದು ಶುಕ್ರವಾರ ಬಳೆ ಇಡ್ಸಾಕೆ ದೊಡ್ಡಕ್ಕ ಬರ್ತಾರೆ. ಅಷ್ಟ್ರೊಳಗೆ ಬ್ಲೀಚೋ ಫೇಶಿಯಲ್ಲೋ ಏನಾದ್ರೂ ಮಾಡಿ ಒಂದು ಹದಕ್ಕೆ ತಾರೇ.”

ದೊಡ್ಡಕ್ಕ ಎಂದರೆ ಹುಡುಗನ ತಂದೆಯ ಅಕ್ಕ. ವಿನಯ್ ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದರು, ಸಾಕಿದವರು ಇವರೇ. ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಉಹೂಂ ಅಂದರೆ ಮುಗಿಯಿತು.

“ಇದಕ್ಕೆ ಬ್ಲೀಚ್ ಹಾಕಿದ್ರೆ ಚರ್ಮ ಕೈಗೆ ಬರ್ತೈತೆ. ಏನೂ ಹಚ್ಚಂಗಿಲ್ಲ,” ಎಂದೆ.

“ಹಂಗಾದ್ರೆ ನೀನ್ಯಾಕೆ ಇರೋದು?” ಎಂದಳು ಸಂಧ್ಯಾ. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಮಾತಾಡಲು ಮೆಟ್ಟಿಲ ಹತ್ತಿರ ಹೋದಳು.

ನಾನು ರೂಪಶ್ರೀಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. “ಯಾವ ಮುಂಡೇದು ಹೇಳಿಕೊಡ್ತೇ ಇದನ್ನ ನಿನಗೆ?”

ಅವಳು ತನ್ನ ಫೋನ್ ತೆಗೆದು ತೋರಿಸಿದಳು. ಅದರಲ್ಲಿ ನಾನೇ ಇದ್ದೆ, ಕೈ ಮುಂದೆ ಹಿಡಿದು ಹಲ್ಲು ಕಿರಿಯುತ್ತಿದ್ದೆ.

“ನೀವು ಹೇಳಿದಂಗೇ ಮಾಡ್ದೆ ಚಿಕ್ಕಮ್ಮ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ, ಮೂರು ದಿನ. ಬಾಳ ಉರೀತು. ನೀವು ಹೇಳೀರಲ್ಲ ಅಂತ ತಡ್ಕಂಡೆ.” ಆಮೇಲೆ ದನಿ ತಗ್ಗಿಸಿದಳು. “ಅಮ್ಮಂಗೆ ಹೇಳಿಲ್ಲ. ನಾನಾಗಿ ಹೇಳಲ್ಲ.”

ಸಂಧ್ಯಾ ಫೋನಿಟ್ಟು ಒಳಗೆ ಬಂದಾಗ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಯಾರಿಗೂ ಹೆದರದ ಈ ಬಾಯಿ ಅವತ್ತು ಆ ಒಂದು ಮಾತು ಆಡಲಿಲ್ಲ. “ನಾಳೆ ದಾವಣಗೆರೆಗೆ ಚರ್ಮದ ಡಾಕ್ಟರ ಹತ್ರ ಕರ್ಕಂಡು ಹೋಗ್ತೀನಿ, ನೀನು ಸುಮ್ನಿರು,” ಎಂದಷ್ಟೇ ಹೇಳಿ ಕಳಿಸಿದೆ. ಮಧ್ಯಾಹ್ನದವರೆಗೆ ಬಂದವರ ಮೇಲೆಲ್ಲ ರೇಗಾಡಿದೆ. ಆಮೇಲೆ ಬಾಗಿಲು ಮುಂದೆ ಮಾಡಿ ಕೂತು, ವಿಡಿಯೋ ಅಳಿಸಿ ಹಾಕಿದೆ. ಒಂದು ಬೆರಳು ಒತ್ತಿದ್ದಷ್ಟೇ, ಹೋಯಿತು. ಇನ್ನು ಯಾರಿಗೂ ಸಿಗುವುದಿಲ್ಲ ಎಂದು ಸಮಾಧಾನವೂ ಆಯಿತು, ಥೂ ನನ್ನ ಜನ್ಮಕ್ಕೆ.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆವು, ನಾನು ಮತ್ತು ರೂಪಶ್ರೀ. ದಾರಿಯುದ್ದಕ್ಕೂ ಅವಳ ಫೋನಿಗೆ ವಿನಯ್ ವಿಡಿಯೋ ಕಾಲ್ ಮಾಡುತ್ತಿದ್ದ. ನಾಲ್ಕು ಸಲ ಮಾಡಿದ, ನಾಲ್ಕು ಸಲವೂ ಇವಳು ಕಟ್ ಮಾಡಿದಳು.

ಡಾಕ್ಟರು ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ದೊಡ್ಡ ದೀಪ ಹಿಡಿದು ಕೆನ್ನೆಯನ್ನು ಬಹಳ ಹೊತ್ತು ನೋಡಿದರು.

“ಕರೆ ಇರೋದು ಮೇಲಿನ ಪದರದಲ್ಲಿ,” ಎಂದರು. “ಚರ್ಮ ದಿನಾ ತಾನಾಗೇ ಉದುರ್ತಾ ಇರುತ್ತೆ, ಅದರ ಜೊತೆ ಕರೆನೂ ಹೋಗುತ್ತೆ. ಹದಿನೈದು ದಿನ ಸುಮ್ಮನೆ ಇದ್ದಿದ್ರೆ ಸಾಕಿತ್ತು. ನೀವು ಕರೆ ಜೊತೆ ಒಳ್ಳೆ ಚರ್ಮನೂ ಕಿತ್ತು ಹಾಕಿದೀರಿ. ಯಾರು ಹೇಳಿಕೊಟ್ಟಿದ್ದು?”

ನಾನು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಿದ್ದೆ. “ನಾನೇ ಮಾಡ್ಕಂಡೆ ಮೇಡಂ,” ಎಂದಳು ರೂಪಶ್ರೀ.

ಒಂದು ಮುಲಾಮು ಬರೆದುಕೊಟ್ಟರು. ತಣ್ಣೀರಿನಲ್ಲಿ ಮೆಲ್ಲಗೆ ತೊಳೆಯಬೇಕು, ಬಟ್ಟೆಯಿಂದ ಉಜ್ಜಬಾರದು, ಒತ್ತಿ ತೇವ ತೆಗೆಯಬೇಕು. ಮೇಲೆ ತೆಳ್ಳಗೆ ವ್ಯಾಸಲೀನ್. ಬಿಸಿಲು ಬೇಡ, ಮೇಕಪ್ ಬೇಡ, ಅರಿಶಿನ ಬೇಡ, ನಿಂಬೆಹಣ್ಣು ಬೇಡ. ಯಾರೂ ಏನೂ ಮಾಡದಿದ್ದರೆ ಮದುವೆ ಹೊತ್ತಿಗೆ ಮುಕ್ಕಾಲು ಪಾಲು ವಾಸಿಯಾಗುತ್ತದೆ, ಮತ್ತೆ ಕೆದಕಿದರೆ ಕಲೆ ಉಳಿಯುತ್ತದೆ ಎಂದರು.

ಯಾರೂ ಏನೂ ಮಾಡದೆ ಇರುವುದು ಮದುವೆ ಮನೆಯಲ್ಲಿ ಎಷ್ಟು ಕಷ್ಟ ಎಂದು ಆ ಡಾಕ್ಟರಿಗೇನು ಗೊತ್ತು. ನಲ್ಲೂರಿನ ಮನೆಗೆ ಬಂದರೆ ರೂಪಶ್ರೀಯ ಅಜ್ಜಿ ಬೆಣ್ಣೆಯಲ್ಲಿ ಅರಿಶಿನ ಕಲಸಿ ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದ ಮನೆಯವರು ಯಾವುದೋ ಸೊಪ್ಪಿನ ರಸ ಹಿಂಡಿ ತಂದಿದ್ದರು. ಇನ್ನೊಬ್ಬರು ಟೂತ್‌ಪೇಸ್ಟ್ ತಂಪು ಎಂದರು. ನಾನು ರೂಪಶ್ರೀಯ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ.

“ಯಾರಾದ್ರೂ ಆ ಮುಖ ಮುಟ್ಟಿದ್ರೆ ಕೈ ಮುರೀತೀನಿ,” ಎಂದೆ.

“ನೀನೇನೇ ಇಷ್ಟು ಹಾರಾಡ್ತೀಯ, ನಿನ್ನ ಮಗಳೇನೋ ಅನ್ನಂಗೆ,” ಎಂದರು ಅಜ್ಜಿ. ನಾನು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಹಾಕಿಕೊಂಡೆ.

ಸಾಯಂಕಾಲ ನಾಲ್ಕಕ್ಕೆ ಮಲ್ಲಿಕಾರ್ಜುನಪ್ಪನವರಿಗೆ ಸವಳಂಗದಿಂದ ಫೋನ್ ಬಂತು. ಅವರು ಹೂಂ, ಹೂಂ ಎನ್ನುತ್ತ ಕೇಳಿ, ಫೋನಿಟ್ಟು, ಒಳಗೆ ಬಂದು ನಮಗೆ ಹೇಳಿದರು. ಯಾರೋ ಪುಣ್ಯಾತ್ಮರು ಬಸ್ಸಿನಲ್ಲಿ ದುಪಟ್ಟಾ ಸರಿದಾಗ ರೂಪಶ್ರೀಯ ಕೆನ್ನೆ ನೋಡಿ ಸವಳಂಗಕ್ಕೆ ಸುದ್ದಿ ಮುಟ್ಟಿಸಿದ್ದರು, ಹುಡುಗಿಗೆ ತೊನ್ನು ಇದೆ ಎಂದು. ದೊಡ್ಡಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಾಳೆ ಬಂದು ನನ್ನ ಕಣ್ಣಾರೆ ನೋಡ್ತೀನಿ. ಕಾಯಿಲೆ ಮುಚ್ಚಿಟ್ಟು ಕೊಡಾಕೆ ಹೊಂಟಿದ್ರೆ, ತಂದ ಬಳೆ ವಾಪಸ್ ತಗಂಡು ಹೋಗ್ತೀನಿ.”

ತೊನ್ನು ಆದರೂ ಏನಾಯಿತು, ಅದೇನು ಅಂಟುರೋಗವೇ, ಪಾಪವೇ? ನಾನು ಹಾಗೆಂದು ಕೂಗಾಡಿದೆ. ಕೇಳುವವರು ಯಾರೂ ಇರಲಿಲ್ಲ. ಸಂಧ್ಯಾ ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ರೂಪಶ್ರೀಯ ಫೋನಿಗೆ ವಿನಯ್ ಒಂದು ಮೆಸೇಜ್ ಕಳಿಸಿದ್ದ. ಅವಳು ಅದನ್ನು ನನಗೆ ತೋರಿಸಿದಳು. ‘ಏನಿದ್ರೂ ನನಗೆ ಬೇಜಾರಿಲ್ಲ. ಆದ್ರೆ ದೊಡ್ಡಕ್ಕನ ಮಾತು ಮೀರಾಕೆ ನನ್ನ ಕೈಲಾಗಲ್ಲ ರೂಪಾ.’ ಹುಡುಗ ಸುಳ್ಳು ಹೇಳುವವನಲ್ಲ ಎನ್ನುವುದೊಂದೇ ಸಮಾಧಾನ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ನಾನು ನಲ್ಲೂರಿನಲ್ಲಿದ್ದೆ. ಸಂಧ್ಯಾ ನನ್ನ ಮೇಕಪ್ ಪೆಟ್ಟಿಗೆಯನ್ನು ತಾನೇ ಬಿಚ್ಚಿಟ್ಟು ಕಾಯುತ್ತಿದ್ದಳು.

“ಒಂದು ಗಂಟೆ ಮಟ್ಟಿಗೆ ಮುಚ್ಚೇ. ಅವರು ನೋಡಿ ಹೋಗ್ಲಿ, ಆಮೇಲೆ ತೊಳೆಯಣ,” ಎಂದಳು.

“ಹಸಿ ಗಾಯದ ಮೇಲೆ ಬಣ್ಣ ಬಳಿಯಾಕಾಗಲ್ಲ ಸಂಧ್ಯಾ. ಅಲ್ಲದೆ ಅವರು ಬರ್ತಿರೋದೇ ನೀವು ಮುಚ್ಚಿಟ್ಟೀರಿ ಅಂತ. ನಿಜವಾಗ್ಲೂ ಮುಚ್ಚಿ ಕೂರ್ಸಿದ್ರೆ ಏನಂತಾರೆ?”

“ನನ್ನ ಮಗಳ ಮದುವೆ ಮುರಿದು ಬಿದ್ರೆ ನೀನು ಬಂದು ಉತ್ತರ ಹೇಳ್ತೀಯಾ?”

ಹೇಳಬೇಕಾದದ್ದು ಆಗಲಾದರೂ ಹೇಳಬಹುದಿತ್ತು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು, ಮಾತು ಅಲ್ಲಿಗೇ ನಿಂತಿತು.

ದೊಡ್ಡಕ್ಕ ಇಬ್ಬರು ಹೆಂಗಸರ ಜೊತೆ ಬಂದರು. ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ. ಕೈಯ ಗೆರೆಗಳಲ್ಲೆಲ್ಲ ಅಡಿಕೆ ಕರೆ ಕೂತು ಕಪ್ಪಾಗಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. ಬಳೆಯ ಬುಟ್ಟಿಯನ್ನು ಬಿಚ್ಚದೆ ಚಾಪೆಯ ಅಂಚಿಗೆ ಇಡಿಸಿದರು.

“ಕರೀರಿ,” ಎಂದರು.

ರೂಪಶ್ರೀ ಬರಿ ಮುಖದಲ್ಲಿ ಬಂದು ಕೂತಳು. ವ್ಯಾಸಲೀನ್ ಸವರಿದ ಕೆನ್ನೆ ಕಿಟಕಿಯ ಬೆಳಕಿಗೆ ಎದ್ದು ಕಾಣುತ್ತಿತ್ತು. ಜೊತೆಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಕ್ಕ ಹತ್ತಿರ ಸರಿದು, ಮುಟ್ಟದೆ, ಈ ಕಡೆಯಿಂದ ಆ ಕಡೆಯಿಂದ ನೋಡಿದರು.

“ಚೊಗರು ಚೆಲ್ಲಿತು ಅಂತೀರಿ. ಕಪ್ಪು ಚೊಗರಿಂದು, ಒಪ್ಪಿದೆ. ಈ ಬಿಳೀದೇನು?”

“ಕರೆ ಹೋಗ್ಲಿ ಅಂತ ಉಜ್ಜಿಕೊಂಡಾಳೆ ಅಕ್ಕಾರೆ,” ಎಂದಳು ಸಂಧ್ಯಾ. “ಡಾಕ್ಟರ ಚೀಟಿ ಐತೆ, ನೋಡ್ರಿ.”

“ಚೀಟಿ ಯಾರು ಬೇಕಾದ್ರೂ ಬರೆಸ್ಕಂಡು ಬರ್ತಾರೆ.” ದೊಡ್ಡಕ್ಕ ತಮ್ಮ ಎರಡೂ ಕೈ ಮುಂದೆ ಚಾಚಿದರು. “ನಲವತ್ತು ವರ್ಷ ಅಡಿಕೆ ಸುಲಿದೀನಿ ನಾನು. ಈ ಕೈನ ಎಷ್ಟು ಸಲ ಉಜ್ಜೀನಿ, ಲೆಕ್ಕ ಇಲ್ಲ. ಒಂದಿನ ಹಿಂಗೆ ಬೆಳ್ಳಗಾಗಿಲ್ಲ. ಮದುವೆ ಮುಂದಿಟ್ಕಂಡು ಯಾವ ಹೆಣ್ಣು ತನ್ನ ಮುಖನ ತಾನೇ ಹಿಂಗೆ ಕಿತ್ಕಂತಾಳೆ?” ರೂಪಶ್ರೀ ಕಡೆ ತಿರುಗಿದರು. “ನೀನೇ ಹೇಳವ್ವ. ಏನು ಹಾಕ್ಕಂಡೆ? ಯಾರು ಹೇಳಿಕೊಟ್ರು?”

ರೂಪಶ್ರೀ ತಲೆ ತಗ್ಗಿಸಿದಳು. ಒಂದು ಮಾತೂ ಆಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

“ಮಾತಿಲ್ಲ ಅಂದ್ಮೇಲೆ ಮುಗೀತು,” ಎಂದು ದೊಡ್ಡಕ್ಕ ಎದ್ದರು. ಜೊತೆಯಲ್ಲಿದ್ದವಳು ಬಳೆಯ ಬುಟ್ಟಿಗೆ ಕೈ ಹಾಕಿದಳು.

“ನಾನು ಹೇಳಿಕೊಟ್ಟಿದ್ದು,” ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸಂಧ್ಯಾಳನ್ನು ನೋಡಲಿಲ್ಲ. ವಿಡಿಯೋ ಮಾಡಿದ್ದು, ಕೊನೆಗೆ ಆ ಮಾತು ಸೇರಿಸಿದ್ದು, ಹುಡುಗಿ ಅದನ್ನು ನಂಬಿ ಮೂರು ದಿನ ಉಜ್ಜಿಕೊಂಡದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

“ಎಲ್ಲಿ, ತೋರ್ಸು ಆ ವಿಡಿಯೋನ,” ಎಂದರು ದೊಡ್ಡಕ್ಕ.

“ಇಲ್ಲ. ಅಳಿಸಿ ಹಾಕೀನಿ.”

ಜೊತೆಯಲ್ಲಿದ್ದವಳು ಫಕ್ಕನೆ ನಕ್ಕಳು. ದೊಡ್ಡಕ್ಕ ನಗಲಿಲ್ಲ. “ನೀನು ಈ ಮನೆಯಾಕಿಯ ಗೆಳತಿ ಅಲ್ವಾ? ಮಗಳನ್ನ ಉಳಿಸಾಕೆ ಅಂತ ಮೈಮೇಲೆ ಹಾಕ್ಕಂಡು ಸುಳ್ಳು ಹೇಳ್ತಿದೀಯ. ಒಳ್ಳೇದು. ಆದ್ರೆ ನಮ್ಮ ಹುಡುಗನ ಬಾಳು ಸುಳ್ಳಿನ ಮೇಲೆ ನಿಲ್ಸಾಕಾಗಲ್ಲ ತಂಗಿ.”

ಎರಡು ದಿನದ ಹಿಂದೆ ನನ್ನ ಮಾನ ಉಳಿಸಿಕೊಳ್ಳಲು ಅಳಿಸಿದ್ದು ಇವತ್ತು ಈ ಹುಡುಗಿಯ ಕುತ್ತಿಗೆಗೆ ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

“ಕೂತ್ಕಳ್ರಿ ದೊಡ್ಡಕ್ಕ,” ಎಂದೆ. “ಅರ್ಧ ಗಂಟೆ ಕೂತ್ಕಳ್ರಿ. ಆಮೇಲೆ ಬಳೆ ತಗಂಡು ಹೋಗ್ತೀನಿ ಅಂದ್ರೆ ನಾನೇ ಕಾರಿನವರೆಗೆ ಹೊತ್ತು ತರ್ತೀನಿ.”

ಅವರು ಕೂತರು, ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹಿತ್ತಲಿಗೆ ಹೋಗಿ ಕೊಪ್ಪರಿಗೆಯಿಂದ ಒಂದು ಲೋಟ ಚೊಗರು ತಂದೆ. ಅಡುಗೆಮನೆಯಿಂದ ಹುಣಸೆಹಣ್ಣು, ಕಲ್ಲುಪ್ಪು ತಂದೆ. ಅಡಿಕೆ ಒಲೆಯಿಂದ ಒಂದು ಹಿಡಿ ಬೂದಿ, ಪಾತ್ರೆ ತೊಳೆಯುವಲ್ಲಿಂದ ತೆಂಗಿನ ನಾರು. ಎಲ್ಲವನ್ನೂ ದೊಡ್ಡಕ್ಕನ ಮುಂದೆ ಇಟ್ಟು ಕೂತೆ. ಚೊಗರಿನಲ್ಲಿ ಕೈ ಅದ್ದಿ ನನ್ನ ಎಡಗೆನ್ನೆಗೆ ಬಳಿದುಕೊಂಡೆ.

“ರುದ್ರಾಣಿ,” ಎಂದಳು ಸಂಧ್ಯಾ. ಅಷ್ಟೇ ಅಂದಳು.

ಒಣಗಲು ಇಪ್ಪತ್ತು ನಿಮಿಷ ಬೇಕಾಯಿತು. ಗೋಡೆ ಗಡಿಯಾರದ ಸದ್ದು, ಹಿತ್ತಲಿನಲ್ಲಿ ಯಾರೋ ಬಕೆಟ್ ಎಳೆದ ಸದ್ದು. ಕೆನ್ನೆ ಬಿಗಿಯುತ್ತ ಬಂತು. ಹೀಗೆ ಕೂತಿರುವಾಗ ನನಗೆ ಒಂದು ಭಯ ಹುಟ್ಟಿತು. ಉಜ್ಜಿದರೂ ಏನೂ ಆಗದಿದ್ದರೆ? ನಲವತ್ತೈದು ವರ್ಷದ ಚರ್ಮ ಗಟ್ಟಿಯಾಗಿದ್ದು ಕೆಂಪಗೂ ಆಗದೆ ಕೂತರೆ? ಜೀವಮಾನದಲ್ಲಿ ಮೊದಲ ಸಲ ನನ್ನ ಮುಖ ಕೆಡಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಆಮೇಲೆ ಮೂರನ್ನೂ ಕಲಸಿ, ನಾರಿಗೆ ಹಚ್ಚಿ, ಉಜ್ಜಲು ಶುರು ಮಾಡಿದೆ. ವಿಡಿಯೋದಲ್ಲಿ ಮಾಡಿದಂತೆಯೇ, ಗುಂಡಗೆ, ಒತ್ತಿ. ಮೊದಲು ಚುರುಗುಟ್ಟಿತು. ಎರಡನೇ ನಿಮಿಷಕ್ಕೆ ಉಪ್ಪಿನ ಹರಳು ಒಂದೊಂದೂ ಎಲ್ಲಿದೆ ಎಂದು ಗೊತ್ತಾಗತೊಡಗಿತು. ನಾಲ್ಕನೇ ನಿಮಿಷಕ್ಕೆ ಕಣ್ಣಿನಲ್ಲಿ ನೀರು ತಾನಾಗಿಯೇ ಸುರಿಯಿತು. ಆ ಹುಡುಗಿ ಇದನ್ನು ಆರು ಸಲ ಮಾಡಿಕೊಂಡಿದ್ದಾಳೆ, ನೀವು ಹೇಳೀರಲ್ಲ ಅಂತ ತಡೆದುಕೊಂಡಿದ್ದಾಳೆ. ಅದೊಂದೇ ತಲೆಯಲ್ಲಿ ಓಡುತ್ತಿತ್ತು. ನಾನು ಇನ್ನೂ ಜೋರಾಗಿ ಉಜ್ಜಿದೆ. ಅವಳ ಮೂರು ದಿನ ನನಗೆ ಅರ್ಧ ಗಂಟೆಯಲ್ಲಿ ಆಗಬೇಕಿತ್ತು.

“ಸಾಕು,” ಎಂದರು ದೊಡ್ಡಕ್ಕ.

ನಾನು ನಿಲ್ಲಿಸಲಿಲ್ಲ. ಅವರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು. ಅಡಿಕೆ ಸುಲಿದ ಕೈ, ಹಿಡಿತ ಬಲವಾಗಿತ್ತು. ನಾರು ಕೆಳಗೆ ಬಿತ್ತು. ನೀರು ತರಿಸಿ, ತಮ್ಮ ಕೈಯಿಂದಲೇ ನನ್ನ ಕೆನ್ನೆಯ ಮೇಲೆ ಹುಯ್ದು ತೊಳೆದರು. ಆಮೇಲೆ ನನ್ನ ಗದ್ದ ಹಿಡಿದು ರೂಪಶ್ರೀಯ ಪಕ್ಕಕ್ಕೆ ಎಳೆದು, ಎರಡೂ ಮುಖಗಳನ್ನು ಕಿಟಕಿಯ ಕಡೆ ತಿರುಗಿಸಿದರು.

ಎದುರಿನ ಬೀರುವಿನ ಕನ್ನಡಿಯಲ್ಲಿ ನನಗೂ ಕಂಡಿತು. ಅಲ್ಲಲ್ಲಿ ಕಪ್ಪು, ನಡುನಡುವೆ ಸಿಪ್ಪೆ ಎದ್ದ ಬಿಳುಪು, ಅಂಚಿನಲ್ಲಿ ಕೆಂಪು, ದವಡೆಯ ಹತ್ತಿರ ಒಸರುವ ನೀರು. ರೂಪಶ್ರೀಯದು ನಾಲ್ಕು ದಿನ ಹಳೆಯದು, ನನ್ನದು ಹಸಿ. ಬೇರೆ ವ್ಯತ್ಯಾಸ ಇರಲಿಲ್ಲ.

ದೊಡ್ಡಕ್ಕ ನನ್ನ ಗದ್ದ ಬಿಟ್ಟರು. ರೂಪಶ್ರೀಯನ್ನು ಕೇಳಿದರು, “ಇವಳ ಹೆಸರು ನಿನಗೆ ಗೊತ್ತಿತ್ತು. ಬುಟ್ಟಿ ಎತ್ತಿದಾಗ್ಲೂ ಯಾಕೆ ಹೇಳಲಿಲ್ಲ?”

“ಚಿಕ್ಕಮ್ಮ ಅವರೇ ಹೇಳ್ತಾರೆ ಅಂತ ಕಾಯ್ತಿದ್ದೆ ಅತ್ತೆ,” ಎಂದಳು ರೂಪಶ್ರೀ.

ಕೆನ್ನೆಯ ಉರಿ ಅದರ ಮುಂದೆ ಏನೂ ಅಲ್ಲ. ಬುಧವಾರದಿಂದ ಶುಕ್ರವಾರದವರೆಗೆ, ಬಸ್ಸಿನಲ್ಲಿ, ಡಾಕ್ಟರ ಮುಂದೆ, ಈ ಚಾಪೆಯ ಮೇಲೆ, ಆ ಹುಡುಗಿ ಕಾಯುತ್ತಲೇ ಇದ್ದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಉಪ್ಪು ಕಣ್ಣೀರು ಹಸಿ ಗಾಯದ ಮೇಲೆ ಹರಿದು ಇನ್ನಷ್ಟು ಉರಿಯಿತು.

ದೊಡ್ಡಕ್ಕ ಬಳೆಯ ಬುಟ್ಟಿ ಬಿಚ್ಚಿಸಿದರು. ಹಸಿರು ಬಳೆಗಳನ್ನು ತಾವೇ ಒಂದೊಂದಾಗಿ ಹುಡುಗಿಯ ಕೈಗೆ ಏರಿಸುತ್ತ, ಅಜ್ಜಿಗೆ ಕೇಳುವಂತೆ ಹೇಳಿದರು, “ಅರಿಶಿನ ಶಾಸ್ತ್ರದಲ್ಲಿ ಕೈಗೆ, ಕಾಲಿಗೆ ಅಷ್ಟೇ ಹಚ್ರಿ. ಮುಖ ಯಾರೂ ಮುಟ್ಟಬ್ಯಾಡ್ರಿ. ನಮ್ಮ ಕಡೆಯವರು ಕೇಳಿದ್ರೆ ನಾನು ಹೇಳಿದೆ ಅನ್ರಿ.” ಅಜ್ಜಿ ಬೆಣ್ಣೆ ಅರಿಶಿನದ ಬಟ್ಟಲನ್ನು ಒಳಗೆ ಎತ್ತಿಟ್ಟರು.

ಕಾರು ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಸಂಧ್ಯಾ ನಾನು ಕಲಸಿದ್ದ ಬಟ್ಟಲು ತೊಳೆಯುತ್ತಿದ್ದಳು.

“ಬುಧವಾರನೇ ಗೊತ್ತಿತ್ತಾ ನಿನಗೆ?” ಎಂದಳು, ತಿರುಗದೆ.

“ಗೊತ್ತಿತ್ತು.”

“ನಾನು ಇಲ್ಲಿ ಎರಡು ದಿನ ಸಾಯ್ತಿದ್ದೆ.”

ಅವಳು ಬಟ್ಟಲನ್ನು ಬೋರಲು ಹಾಕಿ ಹೊರಗೆ ಹೋದಳು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಮಾರನೇ ದಿನ ಪಾರ್ಲರಿನಲ್ಲಿ ಕೂತು ಹೊಸ ವಿಡಿಯೋ ಮಾಡಿದೆ. ಬಣ್ಣ ಹಚ್ಚಲಿಲ್ಲ, ಕೆನ್ನೆಯನ್ನು ಬೆಳಕಿಗೆ ಹಿಡಿದೆ. ಮುಖಕ್ಕೂ ನಡೆಯುತ್ತೆ ಅಂದಿದ್ದೆ, ನಡೆಯಲ್ಲ, ನೋಡಿ ಎಂದೆ. ಮುಖದ ಕೊಳೆ ತೆಗೆಯಲೇಬೇಕು ಎಂದರೆ ನುಣ್ಣನೆಯ ಕಡಲೆಹಿಟ್ಟನ್ನು ಹಾಲಿನಲ್ಲಿ ತೆಳ್ಳಗೆ ಕಲಸಿ, ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಏನೂ ಆಗದಿದ್ದರೆ ಒದ್ದೆ ಮುಖಕ್ಕೆ ಬೆರಳ ತುದಿಯಲ್ಲಿ, ಅರ್ಧ ನಿಮಿಷ, ವಾರಕ್ಕೆ ಒಂದು ಸಲ. ನಾರು ಬೇಡ, ಉಪ್ಪು ಬೇಡ, ಬೂದಿ ಬೇಡ, ಹುಳಿ ಬೇಡ. ಉರಿದರೆ ತಡೆದುಕೊಳ್ಳಬೇಡಿ, ತೊಳೆದುಬಿಡಿ. ಉರಿಯುವುದು ಒಳ್ಳೆಯದಾಗುತ್ತಿದೆ ಎಂದಲ್ಲ. ಅಡಿಕೆ ಕರೆಗೆ ಏನೂ ಮಾಡಬೇಡಿ, ಬಂದ ಹಾಗೇ ಹೋಗುತ್ತದೆ. ಇಷ್ಟು ಹೇಳಿ ನಿಲ್ಲಿಸಿದೆ. ಬೈದು ಬರೆದವರು ಬಹಳ ಜನ. ಹೊನ್ನಾಳಿಯಿಂದ ಒಬ್ಬಳು ತನ್ನ ಹಣೆಯ ಫೋಟೋ ಕಳಿಸಿದಳು, ಜಗಳೂರಿನಿಂದ ಇನ್ನೊಬ್ಬಳು. ಇಬ್ಬರಿಗೂ ನಾನೇ ಫೋನ್ ಮಾಡಿ ಡಾಕ್ಟರ ಹತ್ತಿರ ಕಳಿಸಿದೆ. ಇನ್ನೂ ಎಷ್ಟು ಜನ ಇದ್ದಾರೋ ಗೊತ್ತಿಲ್ಲ.

ಮದುವೆಗೆ ಅಲಂಕಾರ ಮಾಡಲು ಸಂಧ್ಯಾ ದಾವಣಗೆರೆಯಿಂದ ಬೇರೆಯವಳನ್ನು ಕರೆಸಿದ್ದಳು. ನನಗೆ ಕರೆಯೋಲೆ ಅಂಚೆಯಲ್ಲಿ ಬಂತು. ಎಲ್ಲರ ಹಾಗೆ ಛತ್ರದ ಹಿಂದಿನ ಸಾಲಿನಲ್ಲಿ ಕೂತೆ. ರೂಪಶ್ರೀಯ ಕೆನ್ನೆಯ ಕರೆ ಹೋಗಿತ್ತು. ದೀಪದ ಬೆಳಕಿಗೆ ಒಂದು ತೆಳು ಗುಲಾಬಿ ನೆರಳು ಅಷ್ಟೇ, ಆ ದಾವಣಗೆರೆಯವಳೂ ಅದರ ಮೇಲೆ ಬಣ್ಣ ಬಳಿದಿರಲಿಲ್ಲ. ಹಣೆಯಲ್ಲಿ ವಿಭೂತಿ ಇತ್ತು. ಧಾರೆ ಮುಗಿದ ಮೇಲೆ ಅವಳು ಗುಂಪಿನಲ್ಲಿ ನನ್ನನ್ನು ಹುಡುಕಿ, ಕಣ್ಣಿನಲ್ಲೇ ನಕ್ಕಳು.

ಊಟದ ಪಂಕ್ತಿಯಲ್ಲಿ ಸಂಧ್ಯಾ ಹೋಳಿಗೆಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಉಪಚಾರ ಮಾಡುತ್ತ ಬಂದಳು. ನನ್ನ ಎಲೆಯ ಮುಂದೆ ನಿಂತಳು. ನಾನು ತಲೆ ಎತ್ತಿದೆ. ಅವಳು ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು.

“ಇನ್ನೂ ಉರಿತೈತಾ?” ಎಂದಳು.

“ಹೂಂ. ಬಿಸಿಲಿಗೆ ಹೋದ್ರೆ ಉರಿತೈತೆ.”

“ಉರೀಲಿ,” ಎಂದಳು ಸಂಧ್ಯಾ. ನಾನು ಸಾಕು ಎಂದು ಕೈ ಅಡ್ಡ ಹಿಡಿದರೆ ಆ ಕೈ ಸರಿಸಿ, ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಬಡಿಸಿ ಮುಂದಕ್ಕೆ ಹೋದಳು.